ಸದ್ದು ಮಾಡದ ಸೀಸೆಗಳು

ಮೊನ್ನೆ ಗ್ಯಾರೇಜು ಗುಡಿಸಲು ಹೋಗಿ ಗುಡಿಸದೆ ಬಂದೆ. ತಪ್ಪು ನನ್ನದಲ್ಲ, ಪೀಚ್ ಹಣ್ಣಿನ ಒಂದು ಹಳೆಯ ಮರದ ಕ್ರೇಟಿನದು. ಈಗ ಅದರಲ್ಲಿ ಚಪ್ಪಲಿ ಇಡುತ್ತೇವೆ. ದೂಳು ಕೊಡವಲು ಬೋರಲು ಹಾಕಿದೆ ನೋಡಿ, ಒಂದು ಒಂಟಿ ಸಾಕ್ಸು, ಹಿಡಿ ಮರಳು, ಅದರ ಜೊತೆಗೆ ಬಿಯರ್ ಸೀಸೆಯ ಮುಚ್ಚಳ ಒಂದು ಟಣ್ಣೆಂದು ನೆಲಕ್ಕೆ ಬಿತ್ತು. ಎತ್ತಿಕೊಂಡು ಮೂಗಿಗೆ ಹಿಡಿದೆ. ವಾಸನೆ ಏನೂ ಉಳಿದಿರಲಿಲ್ಲ. ಆದರೂ ಪೊರಕೆಯನ್ನು ಗೋಡೆಗೆ ಆನಿಸಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಕೆಲಸದ ನಡುವೆ ಹೀಗೆ ಕೂತುಬಿಡುವುದು ನನಗೆ ಚಿಕ್ಕಂದಿನಿಂದ ಬಂದ ಗುಣ. ಅಮ್ಮ ಇದಕ್ಕೆ ‘ಕಣ್ಣು ತೆರೆದುಕೊಂಡು ನಿದ್ದೆ’ ಎನ್ನುತ್ತಿದ್ದಳು.

ಆಗ, ೨೦೧೨ರ ಸುಮಾರಿಗೆ, ನಾವು ಆಸ್ಟಿನ್ನಿನಲ್ಲಿದ್ದೆವು. ಮದುವೆಯಾದ ಹೊಸತು. ನನ್ನ ಗಂಡ ಬಸವರಾಜ ಬೆಳಿಗ್ಗೆ ಆಫೀಸಿಗೆ ಹೋದರೆ ಬರುವುದು ಸಂಜೆಗೆ. ನಾವಿಬ್ಬರೂ ಮೈಸೂರಿನಲ್ಲಿ ಒಂದೇ ಕ್ಯಾಂಪಸ್ಸಿನಲ್ಲಿ ಓದಿದವರಾದ್ದರಿಂದ ನನ್ನ ಬಾಯಿಗೆ ಅವನು ಬಸು, ಏಕವಚನ. ಅತ್ತೆಯ ಎದುರು ಮಾತ್ರ ‘ಇವರು’, ‘ರೀ’. ನಾನು ಮೈಕ್ರೋಬಯಾಲಜಿ ಎಂ.ಎಸ್ಸಿ. ಆದರೆ ನನ್ನ ವೀಸಾ ಹೆಂಡತಿ ಎಂಬ ಲೆಕ್ಕದಲ್ಲಿ ಸಿಕ್ಕಿದ್ದು, ಕೆಲಸ ಮಾಡುವ ಹಾಗಿರಲಿಲ್ಲ. ಹಾಗಾಗಿ ದಿನವಿಡೀ ನನಗೆ ಒಂದೇ ಕೆಲಸ. ಕಿಟಕಿಯಾಚೆಯ ಓಕ್ ಮರದ ನೆರಳು ಕಾರ್ಪೆಟ್ಟಿನ ಈ ತುದಿಯಿಂದ ಆ ತುದಿಗೆ ಹರಿದುಹೋಗುವುದನ್ನು ನೋಡುವುದು. ಮಧ್ಯಾಹ್ನದ ಹೊತ್ತಿಗೆ ನೆರಳು ಸೋಫಾದ ಕಾಲಿಗೆ ಬಂದು ನಿಲ್ಲುತ್ತಿತ್ತು. ನಾನೂ ಅದರ ಜೊತೆ ನಿಲ್ಲುತ್ತಿದ್ದೆ.

ಹಾಗೊಂದು ಮಧ್ಯಾಹ್ನ ಮೆಟ್ಟಿಲ ಕಡೆಯಿಂದ ಒಂದು ವಾಸನೆ ಬಂತು. ನಾನು ಎದ್ದು ನಿಂತೆ. ಅದು ನಮ್ಮ ತುಮಕೂರಿನ ಮನೆಯ ವಾಸನೆ.

ನಮ್ಮಜ್ಜಿ ರಾಗಿ ನೆನೆಸಿ, ಬಿಳಿ ಪಂಚೆಯ ತುಂಡಿನಲ್ಲಿ ಗಂಟು ಕಟ್ಟಿ, ಅಡುಗೆಮನೆಯ ಮೊಳೆಗೆ ತೂಗುಹಾಕುತ್ತಿದ್ದಳು. ಬೀದಿಯಲ್ಲಿ ಯಾವ ಮನೆಯಲ್ಲಿ ಮಗು ಹುಟ್ಟಿದರೂ ಅದರ ಮೊದಲ ಗಂಜಿಯ ಹಿಟ್ಟು ನಮ್ಮಜ್ಜಿಯದೇ. ಗಂಟಿನ ಬಟ್ಟೆಯನ್ನು ತೂರಿಕೊಂಡು ಬಿಳಿ ದಾರದಂಥ ಮೊಳಕೆಗಳು ಹೊರಗೆ ಇಣುಕುತ್ತಿದ್ದವು. ಮೊಳಕೆ ಬೆಳೆಯುವಾಗ ಸದ್ದಾಗುತ್ತದೆ ಎಂದು ನನ್ನ ಚಿಕ್ಕಪ್ಪನ ಮಗ ಹೇಳಿದ್ದನ್ನು ನಂಬಿ ನಾನು ಸ್ಟೂಲು ಹತ್ತಿ ಗಂಟಿಗೆ ಕಿವಿ ಹಚ್ಚಿ ನಿಂತಿರುತ್ತಿದ್ದೆ. ಕೇಳಿಸಿತು ಎಂದು ಆಣೆ ಇಟ್ಟೂ ಹೇಳಿದ್ದೇನೆ. ಆಮೇಲೆ ಅದನ್ನು ನೆರಳಿನಲ್ಲಿ ಒಣಗಿಸಿ ಹದವಾಗಿ ಹುರಿದರೆ ಮನೆಯೆಲ್ಲ ಒಂದು ಸಿಹಿ ಸುಟ್ಟ ವಾಸನೆ. ಅದರಲ್ಲೇ ನಾವು ಉಂಡು, ಮಲಗಿ, ಏಳುತ್ತಿದ್ದೆವು.

ಆ ವಾಸನೆ ಹಿಡಿದು ಹೋಗಿ ಕೆಳಗಿನ ಮನೆಯ ಬಾಗಿಲು ತಟ್ಟಿದೆ. ತೆರೆದವಳು ಕ್ಯಾರಲ್. ನಿವೃತ್ತ ಶಾಲಾ ಟೀಚರು, ಬಿಳಿ ಜಡೆ, ಕೈಯಲ್ಲಿ ಮರದ ಉದ್ದ ಸೌಟು. ಒಲೆಯ ಮೇಲೆ ನಮ್ಮ ಮದುವೆ ಮನೆಯ ಸಾರಿನ ಪಾತ್ರೆಯಷ್ಟು ದೊಡ್ಡ ಪಾತ್ರೆ. ಅದರಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಬೇಯುತ್ತಿತ್ತು.

“ಇದನ್ನ ನಮ್ಮಜ್ಜಿ ಮಾಡ್ತಿದ್ರು,” ಎಂದೆ, ಬಾಗಿಲಲ್ಲೇ ನಿಂತು, ಇಂಗ್ಲಿಷಿನಲ್ಲಿ.

“ಹೌದಾ! ನಿಮ್ಮಜ್ಜಿ ಮನೆಯಲ್ಲೇ ಬಿಯರ್ ಮಾಡ್ತಿದ್ರಾ?” ಎಂದು ಅವಳು ಕಣ್ಣರಳಿಸಿದಳು.

ಹಣೆಯ ತುಂಬ ವಿಭೂತಿ ಹಚ್ಚಿಕೊಂಡ ನಮ್ಮಜ್ಜಿ ಈ ಮಾತು ಕೇಳಿದ್ದರೆ ಏನಾಗುತ್ತಿತ್ತೋ! ನಾನು ನಕ್ಕಿದ್ದು ನೋಡಿ ಕ್ಯಾರಲ್ ನಕ್ಕಳು. “ಒಳಗೆ ಬಾ, ಬೆಕ್ಕು ಓಡಿಹೋಗುತ್ತೆ,” ಎಂದಳು. ಅಮೆರಿಕದಲ್ಲಿ ನನಗೆ ಸಿಕ್ಕ ಮೊದಲ ಗೆಳತಿ ಅವಳು.

ಅಲ್ಲಿನವರು ನಾವು ಉಪ್ಪಿನಕಾಯಿ ಹಾಕುವಷ್ಟೇ ಸಹಜವಾಗಿ ಮನೆಯಲ್ಲಿ ಬಿಯರ್ ಮಾಡಿಕೊಳ್ಳುತ್ತಾರೆ ಎಂದು ನನಗೆ ಆವರೆಗೆ ತಿಳಿದಿರಲಿಲ್ಲ. ಆರಿದ ಬಾರ್ಲಿ ಕಷಾಯಕ್ಕೆ ಯೀಸ್ಟ್ ಹಾಕಿ ಕತ್ತಲಲ್ಲಿಟ್ಟರೆ ಮರುದಿನದಿಂದ ಗುಳುಕ್, ಗುಳುಕ್ ಎಂದು ಗಾಳಿ ಬಿಡುತ್ತಾ ಅದು ಹುದುಗುತ್ತದೆ. ಯೀಸ್ಟನ್ನು ನಾನು ಮೈಸೂರಿನ ಲ್ಯಾಬಿನಲ್ಲಿ ಮೈಕ್ರೋಸ್ಕೋಪಿನ ಕೆಳಗೆ ಎಷ್ಟೋ ಸಲ ನೋಡಿದ್ದೆ, ಚಿತ್ರ ಬರೆದು ಮಾರ್ಕ್ಸೂ ತೆಗೆದುಕೊಂಡಿದ್ದೆ. ಆದರೆ ಅದು ಹೀಗೆ ಒಂದು ಬಕೆಟ್ಟಿನಲ್ಲಿ ಕೂತು ಉಸಿರಾಡುವುದನ್ನು ಕೇಳಿದ್ದು ಆಗಲೇ. ಕ್ಯಾರಲ್‌ಳ ಕಪಾಟಿನ ಎದುರು ನೆಲದ ಮೇಲೆ ಕಾಲು ಚಾಚಿ ಕೂತು ಅದನ್ನೇ ಕೇಳುತ್ತಿದ್ದೆ. ಓಕ್ ಮರದ ನೆರಳನ್ನು ಮರೆತೇಬಿಟ್ಟೆ.

ಒಂದೆರಡು ತಿಂಗಳಲ್ಲಿ ನಾನೇ ಶುರು ಮಾಡಿದೆ. ಹುದುಗಿದ್ದನ್ನು ಸೀಸೆಗೆ ತುಂಬಿ, ಪ್ರತಿ ಸೀಸೆಗೂ ಚಿಟಿಕೆ ಸಕ್ಕರೆ ಹಾಕಿ, ಮುಚ್ಚಳ ಒತ್ತಿ, ತಂಪಾದ ಕತ್ತಲಲ್ಲಿ ಕೆಲವು ವಾರ ಇಡಬೇಕು. ಆಗ ನೊರೆ ಹುಟ್ಟುತ್ತದೆ. ಸೀಸೆಗಳಿಗೆ ಏನು ಮಾಡುವುದು? ಕಸದ ಗಾಡಿ ಬರುವ ಬೆಳಿಗ್ಗೆ ನೆರೆಹೊರೆಯವರ ತೊಟ್ಟಿಗಳಿಂದ ಕಂದು ಬಣ್ಣದ ಸೀಸೆಗಳನ್ನು ಆರಿಸಿ ತರುತ್ತಿದ್ದೆ. ಬಾತ್‌ಟಬ್ಬಿನ ನೀರಿನಲ್ಲಿ ನೆನೆಹಾಕಿದರೆ ಲೇಬಲ್ಲುಗಳು ಬಿಟ್ಟುಕೊಂಡು ಉದುರಿದ ಎಲೆಗಳ ಹಾಗೆ ತೇಲುತ್ತಿದ್ದವು. ತುಮಕೂರಿನ ಶಿಸ್ತಿನ ಮನೆತನದ ಹೆಣ್ಣುಮಗಳು ಟೆಕ್ಸಾಸಿನಲ್ಲಿ ಬೀದಿ ಬೀದಿಯ ಬಿಯರ್ ಬಾಟ್ಲಿ ಆಯುತ್ತಿದ್ದಾಳೆ ಎಂದು ಊರಿಗೆ ಫೋನು ಹೋಗದಿರಲಿ ಎಂಬುದೊಂದೇ ನನ್ನ ಪ್ರಾರ್ಥನೆ. ಇನ್ನು ಕುಡಿಯುವ ವಿಷಯ: ಅರ್ಧ ಗ್ಲಾಸಿಗೆ ನನಗೆ ಸೋಫಾದಲ್ಲಿ ನಿದ್ದೆ. ಮಾಡಿದ್ದೆಲ್ಲ ಕ್ಯಾರಲ್‌ಗೆ, ಅವಳ ಗೆಳತಿಯರಿಗೆ ಹೋಗುತ್ತಿತ್ತು.

ಬಸು ಒಂದು ತೊಟ್ಟೂ ಮುಟ್ಟುತ್ತಿರಲಿಲ್ಲ. ಬೇಡ ಎಂದೂ ಹೇಳುತ್ತಿರಲಿಲ್ಲ. ಆದರೆ ನಾನು ಚೀಲದಿಂದ ಸೀಸೆ ತೆಗೆಯಲು ಶುರು ಮಾಡಿದರೆ ಸುಮ್ಮನೆ ಎದ್ದು ಬಾಲ್ಕನಿಗೆ ಹೋಗಿ ನಿಲ್ಲುತ್ತಿದ್ದ. ಮೊದಲು ಅದು ಆಕಸ್ಮಿಕ ಅಂದುಕೊಂಡೆ. ಆಮೇಲೆ ಒಂದು ಶನಿವಾರ ಕೇಳಿಯೇಬಿಟ್ಟೆ.

ಅವನು ರೇಲಿಂಗು ಹಿಡಿದುಕೊಂಡು, ನನ್ನ ಕಡೆ ನೋಡದೆ ಹೇಳಿದ. ಹರಿಹರದಲ್ಲಿ ಅವನಪ್ಪ ಮಿಲ್ಲಿನಲ್ಲಿ ಕೆಲಸಕ್ಕಿದ್ದರು. ಸಂಜೆ ಬರುವಾಗ ಸೈಕಲ್ಲಿನ ಹ್ಯಾಂಡಲ್ಲಿಗೆ ಒಂದು ಚೀಲ ತೂಗುತ್ತಿತ್ತು, ಅದರೊಳಗೆ ಸೀಸೆಗಳು. ಓಣಿಯ ತಿರುವಿನಲ್ಲೇ ಅವು ಒಂದಕ್ಕೊಂದು ತಾಗುವ ಸದ್ದು ಕೇಳಿಸುತ್ತಿತ್ತು. ಕೇಳಿಸಿದ ತಕ್ಷಣ ಅವ್ವ ಬಸುವನ್ನೂ ಅವನ ಅಕ್ಕ ಶೈಲಕ್ಕನನ್ನೂ ಪಕ್ಕದ ಮನೆಗೆ ಕಳಿಸುತ್ತಿದ್ದರು.

“ಅಪ್ಪ ಹೋಗಿ ಎಷ್ಟು ವರ್ಷ ಆತು,” ಎಂದ. “ಈಗ್ಲೂ ಆ ಸದ್ದು ಕೇಳಿದ್ರ ಒಳಗ ಕುಂದ್ರಾಕ ಆಗಂಗಿಲ್ಲ.”

“ನಿಲ್ಲಿಸಿಬಿಡ್ತೀನಿ ಕಣೋ,” ಎಂದೆ. “ನಂಗೇನ್ ಇದು ಬೇಕೇ ಬೇಕು ಅಂತಿಲ್ಲ.”

“ಬ್ಯಾಡ. ಅದನ್ನ ಮಾಡೋ ದಿನ ನಿನ್ನ ಮುಖ ಹೆಂಗಿರ್ತದ ನಿನಗ ಗೊತ್ತಿಲ್ಲ.” ಆಮೇಲೆ ನನ್ನ ಕಡೆ ತಿರುಗಿ ಸೇರಿಸಿದ, “ಸದ್ದು ಆಗದಂಗ ಇಡಾಕ ಬರ್ತದೇನು ನೋಡೋಣ.”

ಅಲ್ಲಿಂದ ಶುರುವಾಯಿತು ನಮ್ಮ ಕ್ರೇಟುಗಳ ಬೇಟೆ. ಅಂಗಡಿಯಲ್ಲಿ ಸೀಸೆ ಇಡಲೆಂದೇ ಚೆಂದದ ಸ್ಟ್ಯಾಂಡುಗಳು ಸಿಗುತ್ತವೆ, ಆದರೆ ಅವುಗಳ ಬೆಲೆಗೆ ಬಿಯರನ್ನೇ ಕೊಂಡುಬಿಡಬಹುದು. ಜೊತೆಗೆ ಅವುಗಳಲ್ಲಿ ಸದ್ದು ತಪ್ಪದು. ಶನಿವಾರಗಳಂದು ನಾವು ಊರಾಚೆ ಡ್ರೈವ್ ಮಾಡುತ್ತಿದ್ದೆವು. ಬೇಸಿಗೆಯಲ್ಲಿ ದಾರಿಬದಿಯ ಹಣ್ಣಿನ ಅಂಗಡಿಗಳಲ್ಲಿ ಪೀಚ್ ಮಾರುವವರು ಪಟ್ಟಿ ಕಿತ್ತುಹೋದ ಮರದ ಕ್ರೇಟುಗಳನ್ನು ಸುಮ್ಮನೆ ಕೊಟ್ಟುಬಿಡುತ್ತಿದ್ದರು. ಕಾರಿನ ತುಂಬ ಹಣ್ಣಿನ ವಾಸನೆ, ಕಿಟಕಿಯಾಚೆ ಒಣಹುಲ್ಲಿನ ಹೊಂಬಣ್ಣದ ಗುಡ್ಡಗಳು. ಎಲ್ಲಿಗೂ ತಲುಪುವ ಅವಸರವಿಲ್ಲದೆ ಹೋಗುತ್ತಿರುತ್ತಿದ್ದೆವು. ಕಿರಾಣಿ ಅಂಗಡಿಗಳ ಹಿಂದೆ ಗಟ್ಟಿಮುಟ್ಟಾದ ಪ್ಲಾಸ್ಟಿಕ್ ಹಾಲಿನ ಕ್ರೇಟುಗಳು ರಾಶಿ ಬಿದ್ದಿರುತ್ತಿದ್ದವು. ಅವು ಡೈರಿಯವರ ಸ್ವತ್ತು ಎಂದು ಬಸು ಅವನ್ನು ಮುಟ್ಟಲಿಲ್ಲ.

ಕ್ರೇಟಿನೊಳಗೆ ಗೂಡು ಗೂಡು ಮಾಡಲು ವೈನ್ ಬರುವ ರಟ್ಟಿನ ಪೆಟ್ಟಿಗೆಗಳ ಅಡ್ಡಗೋಡೆಗಳು ಬೇಕಾಗಿದ್ದವು. ಅದಕ್ಕೆ ಮದ್ಯದಂಗಡಿಗೆ ಹೋಗಬೇಕು. ಬಸು ಜನ್ಮದಲ್ಲಿ ಅಂಥ ಅಂಗಡಿಯ ಹೊಸ್ತಿಲು ದಾಟಿದವನಲ್ಲ. ಮೊದಲ ಸಲ ಕಾರಿನಲ್ಲೇ ಕೂತು ನನ್ನನ್ನು ಕಳಿಸಿದ. ಮುಂದಿನ ವಾರ ಬಾಗಿಲ ತನಕ ಬಂದ. ಅದರ ಮುಂದಿನ ವಾರ ಒಳಗೆ ಹೋಗಿ, ಖಾಲಿ ಪೆಟ್ಟಿಗೆಗಳನ್ನು ಗದ್ದದವರೆಗೆ ಪೇರಿಸಿಕೊಂಡು ಹೊರಗೆ ಬಂದ. ಅದೇ ಹೊತ್ತಿಗೆ ನಮ್ಮ ಕನ್ನಡ ಕೂಟದ ಮೂರ್ತಿ ಅಂಕಲ್ ಎದುರಿನ ಪೆಟ್ರೋಲ್ ಬಂಕಿನಲ್ಲಿ ನಿಂತಿದ್ದರು.

ಮರುದಿನವೇ ಮೈಸೂರುಪಾಕಿನ ಡಬ್ಬಿಯೊಡನೆ ಅಂಕಲ್ ಹಾಜರು. ಬಸುವನ್ನು ಪಕ್ಕದಲ್ಲಿ ಕೂರಿಸಿಕೊಂಡು, ಬೆನ್ನ ಮೇಲೆ ಕೈಯಿಟ್ಟು, “ಜೀವನದಲ್ಲಿ ಟೆನ್ಷನ್ ಯಾರಿಗಿಲ್ಲ ಹೇಳಪ್ಪ. ಆದ್ರೆ ಪೆಟ್ಟಿಗೆಗಟ್ಟಲೆ...” ಎಂದು ಶುರು ಮಾಡಿದರು. ಬಸು ಎಲ್ಲದಕ್ಕೂ ಗಂಭೀರವಾಗಿ ತಲೆಯಾಡಿಸಿದ. ನಾನು ಅಡುಗೆಮನೆಯಲ್ಲಿ ನಗು ತಡೆಯಲಾರದೆ ಒರೆಸುವ ಬಟ್ಟೆ ಕಚ್ಚಿಕೊಂಡಿದ್ದೆ. ಕೊನೆಗೆ ಹೊರಗೆ ಬಂದು, ಪೆಟ್ಟಿಗೆ ಖಾಲಿ, ಬಿಯರ್ ಮಾಡುವವಳು ನಾನು ಎಂದು ವಿವರಿಸಿದೆ. ಅಂಕಲ್ ಬಹಳ ಹೊತ್ತು ಕಾಫಿ ಲೋಟದೊಳಗೆ ನೋಡಿದರು. ಹೊರಡುವಾಗ ಬಾಗಿಲಲ್ಲಿ ನಿಂತು ಮೆಲ್ಲಗೆ, “ಒಂದೆರಡು ಬಾಟ್ಲಿ ಕಾರಲ್ಲಿ ಇಟ್ಬಿಡಮ್ಮ. ಆಂಟಿಗೆ ಹೇಳ್ಬೇಡ,” ಎಂದರು.

ಬಸು ರಟ್ಟುಗಳನ್ನು ಅಳತೆಗೆ ಕತ್ತರಿಸಿ, ಒಂದರೊಳಗೊಂದು ಸಿಕ್ಕಿಸಿ, ಕ್ರೇಟಿನ ತಳಕ್ಕೆ ನನ್ನ ಹಳೆಯ ವಾಯಿಲ್ ಸೀರೆಯ ಮಡಿಕೆ ಹಾಸಿದ. ಸೀಸೆಗಳನ್ನು ನಿಲ್ಲಿಸಿ, ಇಡೀ ಕ್ರೇಟನ್ನು ಎದೆಗೆತ್ತಿಕೊಂಡು ಕಿವಿಗೊಟ್ಟು ಅಲ್ಲಾಡಿಸಿದ. ಕಿಣ್ ಎಂದಿತು. ಎಲ್ಲ ಬಿಚ್ಚಿ ಮತ್ತೆ ಕತ್ತರಿಸಿದ. ಮತ್ತೆ ಎತ್ತಿ ಅಲ್ಲಾಡಿಸಿದ. ಸದ್ದು ನಿಂತ ದಿನ ಅವನ ಮುಖದಲ್ಲಿ ಮೂಡಿದ ನೆಮ್ಮದಿ ಇವತ್ತಿಗೂ ನನ್ನ ಕಣ್ಣಿಗೆ ಕಟ್ಟಿದೆ. ಆಮೇಲೆ ಅವನು ಬಾಲ್ಕನಿಗೆ ಹೋಗುವುದು ನಿಂತಿತು. ನಾನು ತುಂಬಿದರೆ ಅವನು ಗೂಡಿಗಿಳಿಸುತ್ತಿದ್ದ.

ಕೆಲವು ವರ್ಷಗಳಲ್ಲಿ ಅವನ ಕೆಲಸ ಬದಲಾಗಿ ಡಲ್ಲಾಸ್ ಕಡೆಗೆ, ಈ ಕಾಪೆಲ್‌ಗೆ ಶಿಫ್ಟ್ ಆದೆವು. ಕ್ರೇಟುಗಳೂ ಬಂದವು. ಟೆಕ್ಸಾಸಿನ ಬೇಸಿಗೆಯಲ್ಲಿ ಗ್ಯಾರೇಜೆಂದರೆ ಕಾದ ಕಾವಲಿ, ಅಲ್ಲಿ ಬಿಯರ್ ಕೆಟ್ಟುಹೋಗುತ್ತದೆ. ಮನೆಯೊಳಗೆ ಮೆಟ್ಟಿಲ ಕೆಳಗಿನ ಕಪಾಟೊಂದೇ ತಂಪು, ಕತ್ತಲು. ಅಲ್ಲಿ ಒಂದರ ಮೇಲೊಂದು ಪೇರಿಸಿದೆವು.

ಮರುವರ್ಷದ ವಸಂತದಲ್ಲಿ ಅತ್ತೆ ಬಂದರು. ಮೊದಲು ಹ್ಯೂಸ್ಟನ್ನಿನ ಹತ್ತಿರ ಶುಗರ್ ಲ್ಯಾಂಡಿನಲ್ಲಿ ಮಗಳು ಶೈಲಕ್ಕನ ಮನೆ, ಆಮೇಲೆ ನಮ್ಮಲ್ಲಿಗೆ. ಅವರು ಬರುವ ಮೊದಲು ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡೋಣ ಎಂದೆ. ಬಸು ಒಪ್ಪಲಿಲ್ಲ. “ನಿನ್ನ ಮನಿಯೊಳಗ ನೀ ಯಾಕ ಬಚ್ಚಿಡ್ತಿ? ದಾರ್‍ಯಾಗ ನಾನ ಹೇಳ್ತೀನಿ,” ಎಂದ.

ಶುಗರ್ ಲ್ಯಾಂಡಿನಿಂದ ಕಾಪೆಲ್‌ಗೆ ಹೆಚ್ಚುಕಮ್ಮಿ ಅರ್ಧ ದಿನದ ದಾರಿ. ಹೆದ್ದಾರಿಯ ಎರಡೂ ಬದಿಗೆ ನೀಲಿ ಹೂವು ಹಾಸಿಬಿದ್ದಿತ್ತು. ಅತ್ತೆ ಮುಂದಿನ ಸೀಟಿನಲ್ಲಿ ಕಿಟಕಿಗೆ ಮುಖ ಕೊಟ್ಟು ಕೂತಿದ್ದರು. ಬಸು ಗಂಟಲು ಸರಿಮಾಡಿಕೊಂಡು “ಅವ್ವಾ” ಎನ್ನುವುದು, ಅಷ್ಟರಲ್ಲಿ ಅವರು “ಅಯ್ಯ, ಆ ದನಾ ನೋಡೋ, ಎಷ್ಟ್ ದಪ್ಪ ಅದಾವು!” ಎನ್ನುವುದು. ಮತ್ತೆ ಅವನು ಗಂಟಲು ಸರಿಮಾಡಿಕೊಳ್ಳುವುದು, ಮತ್ತೆ ದನ ಬರುವುದು. ಹೀಗೆ ಮನೆಯೇ ಬಂದುಬಿಟ್ಟಿತು.

ವಾರದೊಳಗೆ ಆಗಬೇಕಾದ್ದು ಆಯಿತು. ಅತ್ತೆಗೆ ವ್ಯಾಕ್ಯೂಮ್ ಕ್ಲೀನರಿನ ಮೇಲೆ ನಂಬಿಕೆಯಿಲ್ಲ. ಪೊರಕೆ ಹುಡುಕುತ್ತಾ ಮೆಟ್ಟಿಲ ಕೆಳಗಿನ ಕಪಾಟು ತೆರೆದಿದ್ದಾರೆ. ನಾನು ತರಕಾರಿ ತಂದು ಒಳಗೆ ಬಂದಾಗ ಅವರು ಅದರ ಎದುರಿಗೆ ನೆಲದ ಮೇಲೆ ಕೂತಿದ್ದರು. ಒಂದು ಕ್ರೇಟನ್ನು ಹೊರಗೆಳೆದಿದ್ದರು.

“ಇವು ಯಾರ ಬಾಟ್ಲಿ?” ಎಂದರು.

“ನನ್ನವು ಅತ್ತೆ. ನಾನೇ ಮಾಡಿದ್ದು. ನೆರೆಹೊರೆಯವರಿಗೆ ಕೊಡ್ತೀನಿ. ಇವರು ಮುಟ್ಟೋದೂ ಇಲ್ಲ, ದೇವರಾಣೆ.”

ಅತ್ತೆ ತಲೆಯೆತ್ತಿ ನನ್ನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ, ಮರುಕವಿತ್ತು. “ಗಂಡನ ತಪ್ಪು ನಿನ್ನ ಮ್ಯಾಲ ಹಾಕ್ಕೊಬ್ಯಾಡ ತಂಗಿ,” ಎಂದರು. “ನಾನೂ ಹಂಗ ಮಾಡೀನಿ. ಭಾಳ ವರ್ಷ ಮಾಡೀನಿ.”

ನಾನು ಏನು ಹೇಳಿದರೂ ಅವರು ನಂಬಲಿಲ್ಲ. ಊಟ ಬೇಡವೆಂದರು. ಮಧ್ಯಾಹ್ನವೆಲ್ಲ ಮುಂದಿನ ಕೋಣೆಯ ಕಿಟಕಿಯ ಹತ್ತಿರ ಕುರ್ಚಿ ಹಾಕಿಕೊಂಡು, ಕಾರು ಬರುವ ದಾರಿಯನ್ನೇ ನೋಡುತ್ತಾ, ಕೈಯನ್ನು ಮಡಿಲಲ್ಲಿ ಕಟ್ಟಿಕೊಂಡು ಕೂತರು. ಎಷ್ಟು ವರ್ಷ ಹೀಗೆ ಕೂತಿದ್ದರೋ ಏನೋ. ಎದುರು ಮನೆಯ ಹುಲ್ಲಿನ ಮೇಲೆ ನೀರು ಚಿಮ್ಮಿ ಕಾಮನಬಿಲ್ಲು ಕಟ್ಟುತ್ತಿತ್ತು. ಅದು ಅವರ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ.

ಕಾರಿನ ಸದ್ದಾದಾಗ ನಾನು ಗ್ಯಾರೇಜಿಗೆ ಓಡಿಹೋಗಿ ಬಸುವಿಗೆ ನಡೆದದ್ದನ್ನು ಹೇಳಿದೆ. ಅವನು ಹೆಗಲ ಬ್ಯಾಗನ್ನೂ ಇಳಿಸದೆ ಒಳಗೆ ಹೋಗಿ ತಾಯಿಯ ಎದುರು ನಿಂತ.

“ಅವ್ವಾ, ನಾ ಕುಡಿಯಂಗಿಲ್ಲ.”

“ನಿಮ್ಮಪ್ಪನೂ ದಿನಾ ಇದನ್ನ ಹೇಳ್ತಿದ್ದ.”

ಬಸು ಕಪಾಟಿಗೆ ಹೋಗಿ, ತುಂಬಿದ ಕ್ರೇಟೊಂದನ್ನು ಎದೆಗೆತ್ತಿಕೊಂಡು ಬಂದ. ಅವ್ವನ ಕಿವಿಯ ಹತ್ತಿರ ಬಗ್ಗಿ ಅದನ್ನು ಜೋರಾಗಿ ಅಲ್ಲಾಡಿಸಿದ.

“ಏನರ ಕೇಳಿಸ್ತೇನು?”

“ಇಲ್ಲ,” ಎಂದರು ಅತ್ತೆ, ಅರ್ಥವಾಗದೆ.

“ಬಿಯರ್ ಮಾಡಾಕಿ ಇಕಿನ. ಆದ್ರ ಈ ಡಬ್ಬಿ ಮಾಡಿದವ ನಾ. ಒಂದಕ್ಕೊಂದು ತಾಗಬಾರದು, ಸದ್ದು ಬರಬಾರದು ಅಂತ ಮಾಡೀನಿ. ಆ ಸದ್ದು ಕೇಳಿದ್ರ ನನಗ ಈಗ್ಲೂ ಓಡಿಹೋಗಬೇಕು ಅನ್ನಸ್ತದ ಅವ್ವಾ. ನಾ ಹೆಂಗ ಕುಡೀಲಿ?”

ಅತ್ತೆ ಅವನ ಮುಖವನ್ನೇ ನೋಡುತ್ತಿದ್ದರು. “ನಿಮ್ಮಿಬ್ಬರನ್ನೂ ಸಾವಕ್ಕನ ಮನಿಗೆ ಆಡಾಕ ಕಳಸ್ತಿದ್ದೆನಲ್ಲೋ,” ಎಂದರು. “ನಿಮಗೇನೂ ಗೊತ್ತಾಗಿಲ್ಲ ಅಂತ ತಿಳಕೊಂಡಿದ್ದೆ.”

“ಸಾವಕ್ಕನ ಮನಿ ಎಷ್ಟ್ ದೂರಿತ್ತವ್ವಾ? ನಡಕ ಒಂದ ಗ್ವಾಡಿ. ಎಲ್ಲಾ ಕೇಳಿಸ್ತಿತ್ತು.”

ಅತ್ತೆ ಕೈಚಾಚಿ ಕ್ರೇಟನ್ನು ಮಡಿಲಿಗೆ ಎಳೆದುಕೊಂಡರು. ರಟ್ಟಿನ ಗೂಡುಗಳ ಅಂಚನ್ನು ಬೆರಳಿನಿಂದ ಒಂದೊಂದಾಗಿ ಸವರಿದರು, ಮಕ್ಕಳ ತಲೆ ಸವರುವ ಹಾಗೆ. ನಾನು ಅನ್ನ ಸಾರು ಬಡಿಸಿದೆ, ಮೂವರೂ ಉಂಡೆವು.

ಆಮೇಲಿನ ದಿನಗಳು ಸುಮ್ಮನೆ ಸರಿದವು. ಅತ್ತೆ ಹೊರಗೆ ನಡೆದಾಡಿ ಬರುವರು, ಕೊತ್ತಂಬರಿ ಬಿಡಿಸುವರು, ಒಮ್ಮೊಮ್ಮೆ ಆ ಕಪಾಟಿನ ಬಾಗಿಲನ್ನು ನೋಡುತ್ತಾ ನಿಲ್ಲುವರು. ಒಂದು ಶನಿವಾರ ಮಧ್ಯಾಹ್ನ ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಳ್ಳುವ ಮೊದಲು, ನನ್ನನ್ನು ಕರೆದು ಕೇಳಿದರು:

“ಅದು ರುಚಿ ಹೆಂಗಿರ್ತದ?”

ಬಸುವೂ ನಾನೂ ಮುಖ ಮುಖ ನೋಡಿಕೊಂಡೆವು.

“ಮದುವಿ ಆದಾಗಿಂದ ಅದರ ವಾಸನಿ ಗೊತ್ತು, ರುಚಿ ಗೊತ್ತಿಲ್ಲ. ಒಂದ್ ಗುಟುಕು ಹಾಕು. ನೋಡೇ ಬಿಡ್ತೀನಿ.”

ಒಂದು ಸೀಸೆ ತೆಗೆದು, ಸಣ್ಣ ಸ್ಟೀಲ್ ಲೋಟದ ತಳಕ್ಕೆ ಬಗ್ಗಿಸಿ ಕೊಟ್ಟೆ. ಅತ್ತೆ ಮೂಸಿ ನೋಡಿದರು. ಕಷಾಯ ಕುಡಿಯುವವರ ಹಾಗೆ ಕಣ್ಣು ಮುಚ್ಚಿ ಒಂದು ಗುಟುಕು ತೆಗೆದುಕೊಂಡರು.

“ಥೂ! ಕಹಿ!”

ಸೆರಗಿನಿಂದ ತುಟಿ ಒರೆಸಿಕೊಂಡು ಲೋಟದೊಳಗೆ ಇಣುಕಿದರು. ಅಲ್ಲಿ ಇನ್ನೇನೋ ಇರಬೇಕು, ತಮಗೆ ಸಿಗಲಿಲ್ಲ ಎನ್ನುವ ಹಾಗೆ ಲೋಟವನ್ನು ಬೆಳಕಿಗೆ ಹಿಡಿದು ನೋಡಿದರು.

“ಇದಕ್ಕಾ?” ಎಂದರು. ಆಮೇಲೆ ಮಗನ ಕಡೆ ತಿರುಗಿ, “ಇಷ್ಟಕ್ಕಾ ಬಸ್ಯಾ? ಹಾಗಲಕಾಯಿ ಪಲ್ಯ ಇದಕ್ಕಿಂತ ಚಲೋ ಇರ್ತದಲ್ಲೋ! ಇಷ್ಟಕ್ಕಾ ಅವ ಅಷ್ಟೆಲ್ಲಾ...”

ಮಾವ ಕುಡಿಯುತ್ತಿದ್ದದ್ದು ಇದಲ್ಲ, ಇದಕ್ಕಿಂತ ಕಟುವಾದದ್ದು ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ. ಬಸು ಬಂದು ತಾಯಿಯ ಕುರ್ಚಿಯ ಪಕ್ಕ ನೆಲದ ಮೇಲೆ ಕೂತ. ಅವರ ಕೈಯಿಂದ ಲೋಟ ತೆಗೆದುಕೊಂಡು ದೂರ ಇಟ್ಟ. ಅತ್ತೆಯ ಕಣ್ಣಲ್ಲಿ ನೀರಿತ್ತು, ಆದರೆ ಅವರು ಅಳುತ್ತಿದ್ದರೋ ನಗುತ್ತಿದ್ದರೋ ಹೇಳುವುದು ಕಷ್ಟ.

“ನಿಮ್ಮಪ್ಪ ಹೊಳಿ ಈಜತಿದ್ದ. ಗೊತ್ತೇನು ನಿನಗ?” ಎಂದರು.

ಬಸು ಇಲ್ಲವೆಂದು ತಲೆಯಾಡಿಸಿದ. ಅವನ ಮನೆಯಲ್ಲಿ ಅಪ್ಪನ ಮಾತನ್ನು ಯಾರೂ ಎತ್ತುತ್ತಿರಲಿಲ್ಲ.

“ನಮ್ಮೂರು ತುಂಗಭದ್ರಿ ಆ ದಂಡ್ಯಾಗ, ಅವರದು ಈ ದಂಡ್ಯಾಗ. ಮದುವಿ ಮಾತು ಆಗಿತ್ತು, ಇನ್ನೂ ಆಗಿರಲಿಲ್ಲ. ನಾ ಅರಬಿ ಒಗ್ಯಾಕ ಹೋಗಿದ್ದೆ. ತುಂಬಿದ ಹೊಳಿ. ನಡುನೀರಾಗ ಒಂದು ತಲಿ ಕಾಣಸ್ತು, ತಲಿ ಮ್ಯಾಲ ಅರಬಿ ಗಂಟು. ಯಾರಪ್ಪ ಇವ ಸಾಯಾಕ ಹೊಂಟಾನ ಅಂತ ಎದ್ದು ನಿಂತೆ. ನೋಡಿದ್ರ ಇವ! ಮೈಯೆಲ್ಲಾ ನೀರು ಸುರೀತಿತ್ತು. ಹಲ್ಲು ಕಿಸಕೊಂತ ದಂಡಿಗೆ ಹತ್ತಿದ.”

“ಏನಂದ?” ಎಂದ ಬಸು. ಅವನ ದನಿ ಯಾವುದೋ ಸಣ್ಣ ಹುಡುಗನ ದನಿಯಂತಿತ್ತು.

“ಏನಂತಾನ? ನಾಚಿಕಿಗೆ ಮಾತ ಬರಲಿಲ್ಲ ಅವಂಗ. ನೀರಡಿಕಿ ಆಗೈತಿ, ಒಂಚೂರು ನೀರು ಕೊಡು ಅಂದ. ಇಡೀ ಹೊಳಿ ದಾಟಿ ಬಂದವ ನನ್ನ ನೀರು ಕೇಳ್ತಾನ!”

“ಕೊಟ್ಟೇನವ್ವಾ?”

“ಕೊಡದ ಇರ್ತೀನೇನು?” ಎಂದರು ಅತ್ತೆ. “ತಂಬಿಗಿ ತುಂಬ ಕೊಟ್ಟೆ.”